ಬಿಳಿ ಅಂಗಿಯ ಇಬ್ಬರು: ಮಾರ್ಮನ್ ಮಿಷನರಿ ಬದುಕಿನ ಬಗ್ಗೆ ಓದುಗರ ಪ್ರಶ್ನೆಗಳು

ಬೀದರ್, ಕಲಬುರಗಿ, ಯಾದಗಿರಿಗೂ ಹೈದರಾಬಾದಿಗೂ ಇರುವ ನಂಟು ನಿಜಾಮರ ಕಾಲದ್ದು. ಓದು, ನೌಕರಿ ಎಂದು ಅಲ್ಲಿಗೆ ಹೋದ ಮಕ್ಕಳು ಅಲ್ಲಿಯ ಸಂಗತಿಗಳನ್ನೂ ಮನೆಗೆ ತರುತ್ತಾರೆ. ಜನ ‘ಮಾರ್ಮನ್’ ಎಂದು ಕರೆಯುವ, ತನ್ನನ್ನು ‘ಯೇಸು ಕ್ರಿಸ್ತನ ಅಂತಿಮ ದಿನಗಳ ಸಂತರ ಸಭೆ’ ಎಂದು ಕರೆದುಕೊಳ್ಳುವ ಪಂಥದ ಭಾರತದ ಮೊದಲ ‘ಸ್ಟೇಕ್’ 2012ರ ಮೇ ತಿಂಗಳಲ್ಲಿ ಆದದ್ದು ಹೈದರಾಬಾದಿನಲ್ಲೇ. ಸ್ಟೇಕ್ ಎಂದರೆ ಹಲವು ಸ್ಥಳೀಯ ಸಭೆಗಳ ಒಕ್ಕೂಟ. ಆ ಸಭೆಯ ಮಿಷನರಿ ಸೇವೆಯ ಕುರಿತು ಬಂದ ಪತ್ರಗಳಿಗೆ ಈ ಸಲ ಉತ್ತರ.

ಪ್ರಶ್ನೆ: ನಮ್ಮ ತಂಗಿ ಮಗ ಹೈದರಾಬಾದಿನ್ಯಾಗ ಕೆಲಸ ಮಾಡ್ತಾನ. ಎಂಟು ತಿಂಗಳ ಹಿಂದ ದೀಕ್ಷಾಸ್ನಾನ ತಗೊಂಡಾನ. ಈಗ ಎರಡು ವರ್ಷ ಮಿಷನ್‌ಗೆ ಹೋಗ್ತೀನಿ ಅಂತಾನ. ಪಗಾರಿಲ್ಲಂತ, ಊರೂ ತಾನು ಆರಿಸೋಹಂಗಿಲ್ಲಂತ. ಖರೇನಾ?
(ಓದುಗರು, ಹುಮನಾಬಾದ್)

ಉತ್ತರ: ಎರಡೂ ಖರೇ. ಆದರೆ ಇನ್ನೂ ನಾಲ್ಕು ತಿಂಗಳು ಸಮಯವಿದೆ, ಗಾಬರಿ ಬೇಡ. ಹೊಸದಾಗಿ ಸೇರಿದವರು ದೀಕ್ಷಾಸ್ನಾನವಾಗಿ ಕನಿಷ್ಠ ಒಂದು ವರ್ಷ ಕಳೆದ ಮೇಲೆಯೇ ಮಿಷನ್‌ಗೆ ಹೋಗುವುದು ಆ ಸಭೆಯ ಪದ್ಧತಿ. ಹುಡುಗರಿಗೆ 18 ತುಂಬಿರಬೇಕು, ಅವಧಿ 24 ತಿಂಗಳು.

ಮೊದಲು ಅವನು ತನ್ನ ಬಿಷಪ್ ಜೊತೆ ಮಾತಾಡಬೇಕು. ಅವರಲ್ಲಿ ಬಿಷಪ್ ಎಂದರೆ ಒಂದು ಸ್ಥಳೀಯ ಸಭೆಯ ಮುಖ್ಯಸ್ಥ. ಅರ್ಜಿ ಆನ್‌ಲೈನ್. ಅದರ ಜೊತೆ ವೈದ್ಯರ ತಪಾಸಣೆ, ದಂತವೈದ್ಯರ ತಪಾಸಣೆ, ಲಸಿಕೆಯ ವಿವರ ಹೋಗಬೇಕು. ಬಿಷಪ್ ಒಮ್ಮೆ, ಸ್ಟೇಕ್ ಅಧ್ಯಕ್ಷರು ಒಮ್ಮೆ ಸಂದರ್ಶನ ಮಾಡುತ್ತಾರೆ: ನಡತೆ, ಮದ್ಯ ತಂಬಾಕಿನಿಂದ ದೂರ ಇರುವುದು, ಆದಾಯದ ಹತ್ತರಲ್ಲೊಂದು ಪಾಲು ಕಾಣಿಕೆ ಕೊಡುವುದು, ಎಲ್ಲವನ್ನೂ ಕೇಳುತ್ತಾರೆ. ಆಮೇಲೆ ಅರ್ಜಿ ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿರುವ ಸಭೆಯ ಕೇಂದ್ರ ಕಚೇರಿಗೆ ಹೋಗುತ್ತದೆ. ಯಾವ ಮಿಷನ್ (ಅಂದರೆ ಯಾವ ಸೇವಾ ಪ್ರದೇಶ), ಯಾವ ಭಾಷೆ ಎಂದು ಅಲ್ಲಿ ಸಭೆಯ ಹಿರಿಯ ಮುಖಂಡರಾದ ಅಪೊಸ್ತಲರೊಬ್ಬರು ನಿಗದಿ ಮಾಡುತ್ತಾರೆ. ‘ಕರೆ’ ಬರುವುದು ಇ-ಮೇಲಿನಲ್ಲಿ, ಹಾಜರಾಗುವ ದಿನಾಂಕದ ಸಮೇತ.

ಅರ್ಜಿ ತಡವಾಗುವುದು ಹೆಚ್ಚಾಗಿ ಭಕ್ತಿಯ ಕೊರತೆಯಿಂದಲ್ಲ, ಹಲ್ಲಿನಿಂದ ಮತ್ತು ಹೆಸರಿನಿಂದ. ಹುಳುಕು ಹಲ್ಲು, ಅಡ್ಡ ಬಂದ ಬುದ್ಧಿಹಲ್ಲು ಇದ್ದರೆ ಚಿಕಿತ್ಸೆ ಮುಗಿಸದೆ ಫಾರಂ ಪೂರ್ತಿಯಾಗದು. ಇನ್ನು ನಮ್ಮ ಕಡೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್, ಆಧಾರಿನಲ್ಲಿ ಅಪ್ಪನ ಹೆಸರು, ಮತ್ತೊಂದರಲ್ಲಿ ಅಡ್ಡಹೆಸರು. ಹೊರದೇಶದ ಕರೆ ಬಂದರೆ ಪಾಸ್‌ಪೋರ್ಟಿಗೆ ಇದೇ ತೊಡಕು. ಈ ನಾಲ್ಕು ತಿಂಗಳಲ್ಲಿ ಇವೆರಡನ್ನು ಸರಿಮಾಡಿಸಿ. ಬೈಕು, ಫೋನಿನ ಕಂತು ಬಾಕಿಯಿದ್ದರೆ ತೀರಿಸಿಯೇ ಹೊರಡಲಿ. ಎರಡು ವರ್ಷ ಅವನಿಗೆ ಗಳಿಕೆ ಇರದು. ಖರ್ಚನ್ನು ಮಿಷನರಿ, ಅವನ ಮನೆಯವರು, ಸ್ಥಳೀಯ ಸಭೆ ಹಂಚಿಕೊಳ್ಳುತ್ತಾರೆ. ಕೈಲಾಗದವರಿಗೆ ಸಭೆಯ ಮಿಷನರಿ ನಿಧಿಯಿದೆ. ನೀವು ಕೊಡಬೇಕಾದ್ದು ಎಷ್ಟು ಎಂದು ಬಿಷಪ್ ಹತ್ತಿರ ರೂಪಾಯಿ ಲೆಕ್ಕದಲ್ಲೇ ಕೇಳಿ, ಸಂಕೋಚ ಬೇಡ.

ಪ್ರಶ್ನೆ: ಅವರು ದಿನವಿಡೀ ಏನು ಮಾಡ್ತಾರೆ? ಯಾವಾಗಲೂ ಇಬ್ಬಿಬ್ಬರೇ ಯಾಕೆ?
(ಓದುಗರು, ಕಲಬುರಗಿ)

ಉತ್ತರ: ವಾಡಿಕೆಯ ದಿನ ಬೆಳಿಗ್ಗೆ 6:30ಕ್ಕೆ ಏಳುವುದರಿಂದ ಶುರುವಾಗಿ ರಾತ್ರಿ 10:30ಕ್ಕೆ ದೀಪ ಆರಿಸುವುದರೊಂದಿಗೆ ಮುಗಿಯುತ್ತದೆ. ಎದ್ದು ಪ್ರಾರ್ಥನೆ, ಅರ್ಧ ಗಂಟೆ ವ್ಯಾಯಾಮ, ಸ್ನಾನ, ತಿಂಡಿ. ಆಮೇಲೆ ಒಬ್ಬೊಬ್ಬರೇ ಗ್ರಂಥಾಧ್ಯಯನ, ನಂತರ ಇಬ್ಬರೂ ಕೂಡಿ ಅಧ್ಯಯನ, ಭಾಷೆ ಹೊಸದಾದರೆ ಅದರ ಪಾಠ ಬೇರೆ. ಉಳಿದ ಹೊತ್ತು ಮನೆಗಳಿಗೆ ಹೋಗಿ ಕಲಿಸುವುದು, ಸದಸ್ಯರನ್ನು ಕಾಣುವುದು, ಸೇವಾಕೆಲಸ. ರಾತ್ರಿ ಮರಳಿ ನಾಳೆಯ ಯೋಜನೆ. 2017ರಿಂದ ಈ ವೇಳಾಪಟ್ಟಿ ಸಡಿಲವಾಗಿದೆ. ಸ್ಥಳದ ಹವೆ, ರೂಢಿ ನೋಡಿ ಮಿಷನ್ ಅಧ್ಯಕ್ಷರು ಹಿಂದೆ ಮುಂದೆ ಮಾಡಬಹುದು. ಮಧ್ಯಾಹ್ನ ಬೀದಿಯಲ್ಲಿ ನಾಯಿಯೂ ಕಾಣದ ನಮ್ಮಂಥ ಬಿಸಿಲುನಾಡಿಗೆ ಈ ಸಡಿಲಿಕೆ ಬೇಕೇ ಬೇಕು.

ಇಬ್ಬರ ನಿಯಮವೇ ಈ ಬದುಕಿನ ಬೆನ್ನೆಲುಬು. ಜೊತೆಗಾರನನ್ನು ಅವರು ‘ಕಂಪ್ಯಾನಿಯನ್’ ಎನ್ನುತ್ತಾರೆ. ಸ್ನಾನ, ಶೌಚ, ಸಂದರ್ಶನ ಬಿಟ್ಟರೆ ಒಬ್ಬರಿಗೊಬ್ಬರು ಕಾಣುವಷ್ಟು, ಕೇಳುವಷ್ಟು ಹತ್ತಿರ ಇರಬೇಕು. ಇಬ್ಬರು ಕಂಡರೆ ಸಾಕ್ಷಿ ಗಟ್ಟಿ, ಅಪವಾದಕ್ಕೆ ಎಡೆ ಕಡಿಮೆ, ಕಾಯಿಲೆ ಬಿದ್ದರೆ ನೋಡುವವರಿದ್ದಾರೆ. ಜೊತೆಗಾರನನ್ನು ತಾವು ಆರಿಸುವಂತಿಲ್ಲ. ಸಾಮಾನ್ಯವಾಗಿ ಆರು ವಾರಕ್ಕೊಮ್ಮೆ ‘ಟ್ರಾನ್ಸ್‌ಫರ್’ ಬರುತ್ತದೆ, ಆಗ ಜೋಡಿಯೋ ಊರೋ ಬದಲಾಗಬಹುದು.

ಕೆಡುವುದೂ ಇಲ್ಲೇ. ಒಬ್ಬ ತಡವಾಗಿ ಏಳುತ್ತಾನೆ, ಇನ್ನೊಬ್ಬ ಬಾಯಿ ಬಿಡದೆ ಸಿಟ್ಟು ನುಂಗುತ್ತಾನೆ. ವಾರ ಕಳೆಯುವುದರೊಳಗೆ ಜೊತೆ ಅಧ್ಯಯನ ನಿಲ್ಲುತ್ತದೆ, ಕಲಿಸಲು ಹೋದ ಮನೆಯಲ್ಲಿ ಇಬ್ಬರ ಮಾತು ಹೊಂದುವುದಿಲ್ಲ. ಇದಕ್ಕೆಂದೇ ವಾರಕ್ಕೊಮ್ಮೆ ಎದುರುಬದುರು ಕೂತು ‘ನಮ್ಮಿಬ್ಬರ ನಡುವೆ ಏನು ಸರಿಯಿದೆ, ಏನು ಸರಿಯಿಲ್ಲ’ ಎಂದು ಮಾತಾಡುವ ಕ್ರಮವಿದೆ. ಪಾತ್ರೆ ತೊಳೆಯುವ ಪಾಳಿಯಂಥ ಸಣ್ಣ ವಿಷಯವನ್ನೂ ಅಲ್ಲಿ ಎತ್ತಬೇಕು. ನಾಚಿಕೆಯಿಂದ ಇದನ್ನು ಬಿಟ್ಟವರೇ ಹೆಚ್ಚು ಬಳಲುತ್ತಾರೆ.

ಪ್ರಶ್ನೆ: ಮಗನ ಗೆಳೆಯರು, ಇಬ್ಬರು ಎಲ್ಡರ್‌ಗಳು, ಊಟಕ್ಕೆ ಬರ್ತಾರ. ಚಾ ಕುಡಿಯಂಗಿಲ್ಲಂತ. ಮನಿಗೆ ಬಂದವ್ರಿಗೆ ಚಾ ಇಲ್ದ ಹ್ಯಾಂಗ ಕಳಸೂದು?
(ಓದುಗರು, ಸೇಡಂ)

ಉತ್ತರ: ಎಲ್ಡರ್ ಎಂದರೆ ಗಂಡು ಮಿಷನರಿ. 1833ರ ‘ವಿವೇಕದ ನುಡಿ’ ಎಂಬ ಬೋಧನೆಯ ಪ್ರಕಾರ ಅವರಿಗೆ ಮದ್ಯ, ತಂಬಾಕು, ಚಹಾ, ಕಾಫಿ ವರ್ಜ್ಯ. ಗ್ರೀನ್ ಟೀ ಕೂಡ ಚಹಾಗಿಡದ್ದೇ ಆದ್ದರಿಂದ ಬೇಡ. ಅಡ್ಡಿಯಿರುವುದು ಚಾಪುಡಿಗೆ, ಬಿಸಿಗಲ್ಲ. ಶುಂಠಿ, ಏಲಕ್ಕಿ, ಬೆಲ್ಲ ಹಾಕಿ ಕುದಿಸಿದ ಹಾಲು ಕೊಡಿ, ಜೀರಿಗೆ ಕಷಾಯ ಕೊಡಿ, ಸಂತೋಷದಿಂದ ಕುಡಿಯುತ್ತಾರೆ. ಬೇಸಿಗೆಯಾದರೆ ಮಜ್ಜಿಗೆ, ನಿಂಬೆ ಶರಬತ್ತು. ಒಂದೇ ಎಚ್ಚರ: ಚಾ ಕುದಿಸಿದ ಪಾತ್ರೆ, ಚಾ ಸೋಸಿದ ಜರಡಿ ತೊಳೆಯದೆ ಹಾಲು ಸೋಸಿದರೆ ವಾಸನೆ ಉಳಿದು ಅವರಿಗೆ ಅನುಮಾನ ಬರುತ್ತದೆ, ಕೇಳಲೂ ಸಂಕೋಚ. ಊಟಕ್ಕೆ ಬೇರೆ ನಿರ್ಬಂಧವಿಲ್ಲ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ ಧಾರಾಳವಾಗಿ ಬಡಿಸಿ. ಎಲೆ ಅಡಿಕೆಯ ತಟ್ಟೆಯಲ್ಲಿ ತಂಬಾಕು ಇಡಬೇಡಿ. ಊಟಕ್ಕೆ ಮುಂಚೆ ಒಂದು ನಿಮಿಷ ಪ್ರಾರ್ಥಿಸುತ್ತಾರೆ, ಅಷ್ಟು ಹೊತ್ತು ಬಡಿಸುವ ಕೈ ನಿಲ್ಲಿಸಿದರೆ ಸಾಕು.

ಮನೆಯಲ್ಲಿ ಹೆಂಗಸರು ಮಾತ್ರ ಇದ್ದರೆ ಎಲ್ಡರ್‌ಗಳು ಹೊಸ್ತಿಲಲ್ಲೇ ನಿಂತು ಮರಳಬಹುದು. ಅವಮಾನವೆಂದು ತಿಳಿಯಬೇಡಿ, ಅದು ಅವರ ನಿಯಮ. ಆ ದಿನ ಮನೆಯಲ್ಲಿ ಗಂಡಸರೊಬ್ಬರು ಇರುವಂತೆ ನೋಡಿಕೊಳ್ಳಿ.

ಇದನ್ನು ಓದುವ ಮಿಷನರಿಗಳಿಗೂ ಒಂದು ಮಾತು. ಚಾ ಕಪ್ಪು ಕೈಗೆ ಬಂದ ಮೇಲೆ ಬೇಡವೆಂದರೆ ನಮ್ಮ ಕಡೆ ಮನಸ್ಸಿಗೆ ಹತ್ತುತ್ತದೆ. ಕೂತ ತಕ್ಷಣ, ಒಲೆ ಹೊತ್ತಿಸುವ ಮುಂಚೆ, ‘ಅವ್ವಾರ, ಚಾ ಬ್ಯಾಡ್ರಿ, ತಣ್ಣನ ನೀರು ಕೊಡ್ರಿ’ ಎಂದು ಕೇಳಿ ಪಡೆಯಿರಿ. ಏನನ್ನೂ ಮುಟ್ಟದೆ ಏಳುವುದು ಮಾತ್ರ ತಪ್ಪು.

ಪ್ರಶ್ನೆ: ನಾವು ಮೆಥಡಿಸ್ಟರು. ಚಿಕ್ಕಂದಿನಲ್ಲೇ ದೀಕ್ಷಾಸ್ನಾನ ಆದವರು. ಅವರಲ್ಲಿಗೆ ಹೋದರೆ ಮತ್ತೆ ಮಾಡಿಸಬೇಕೇ?
(ಓದುಗರು, ಬೀದರ್)

ಉತ್ತರ: ಹೌದು. ಎಂಟು ವರ್ಷಕ್ಕೆ ಮುಂಚಿನ ದೀಕ್ಷಾಸ್ನಾನವನ್ನೂ ಬೇರೆ ಸಭೆಗಳದ್ದನ್ನೂ ಅವರು ಒಪ್ಪುವುದಿಲ್ಲ. ಅತ್ತ ಕ್ಯಾಥೊಲಿಕ್ ಸಭೆ 2001ರಲ್ಲಿ ಅವರ ದೀಕ್ಷಾಸ್ನಾನ ಸಿಂಧುವಲ್ಲ ಎಂದಿತು. ಅಮೆರಿಕದ ಯುನೈಟೆಡ್ ಮೆಥಡಿಸ್ಟರು 2000ದಲ್ಲೇ ಅಂಥದೇ ನಿಲುವು ತಳೆದಿದ್ದರು. ಭೇದ ಆಳದ್ದು. ತಂದೆ, ಮಗ, ಪವಿತ್ರಾತ್ಮ ಮೂವರೂ ಉದ್ದೇಶದಲ್ಲಿ ಒಂದು, ವ್ಯಕ್ತಿಗಳಾಗಿ ಬೇರೆ ಬೇರೆ ಎಂಬುದು ಅವರ ನಂಬಿಕೆ. ಬೈಬಲ್ ಜೊತೆಗೆ 1830ರಲ್ಲಿ ಸಭೆಯ ಸ್ಥಾಪಕ ಜೋಸೆಫ್ ಸ್ಮಿತ್ ಪ್ರಕಟಿಸಿದ ಮಾರ್ಮನ್ ಗ್ರಂಥವೂ ಅವರಿಗೆ ದೇವವಾಕ್ಯ. ಪಂಥದ ಅಡ್ಡಹೆಸರು ಬಂದದ್ದು ಈ ಗ್ರಂಥದಿಂದ. ಮಿಷನರಿ ಇದನ್ನು ಮೊದಲ ಭೇಟಿಯಲ್ಲೇ ಸ್ಪಷ್ಟವಾಗಿ ಹೇಳಬೇಕು. ಹೇಳದಿದ್ದರೆ ನೀವೇ ಕೇಳಿ.

ವಿಧಿ ಹೀಗಿದೆ: ಮಾಡಿಸುವವರು, ಮಾಡಿಸಿಕೊಳ್ಳುವವರು ಇಬ್ಬರೂ ಬಿಳಿ ಉಡುಪಿನಲ್ಲಿ ಸೊಂಟದಷ್ಟು ನೀರಿಗಿಳಿಯುತ್ತಾರೆ. ಮಾಡಿಸುವವರು ಬಲಗೈ ಎತ್ತಿ ನಿಗದಿತ ಪ್ರಾರ್ಥನೆ ಹೇಳಿ ಪೂರ್ತಿ ಮುಳುಗಿಸುತ್ತಾರೆ. ಇಬ್ಬರು ಸಾಕ್ಷಿಗಳು ನೋಡುತ್ತಿರುತ್ತಾರೆ. ಒಂದು ಪದ ತಪ್ಪಿದರೂ, ಕಾಲ್ಬೆರಳು, ಕೂದಲು, ಬಟ್ಟೆಯ ಅಂಚು ನೀರಿನ ಮೇಲೆ ಉಳಿದರೂ ಮತ್ತೆ ಮಾಡಬೇಕು. ಮಂಡಿ ಬಗ್ಗಿಸದೆ ಹಿಂದಕ್ಕೆ ಬಿದ್ದಾಗ ಕಾಲು ಮೇಲೇಳುತ್ತದೆ. ಅದಕ್ಕೇ ಮೊದಲು ನೆಲದ ಮೇಲೆ ಅಭ್ಯಾಸ ಮಾಡಿಸುತ್ತಾರೆ. ಇದಕ್ಕೂ ಮುಂಚೆ ಕಲಿಸಿದವರಲ್ಲದ ಬೇರೊಬ್ಬ ಮುಂದಾಳು ಸಂದರ್ಶನ ಮಾಡುತ್ತಾನೆ. ಅಪ್ರಾಪ್ತರಿಗೆ ತಂದೆತಾಯಿಯ ಒಪ್ಪಿಗೆ ಬೇಕು. ಹಣ, ಕೆಲಸ, ಶಾಲೆಯ ಸೀಟು ಇಂಥ ಆಸೆ ಯಾರಾದರೂ ತೋರಿಸಿದರೆ ಅಲ್ಲಿಂದ ಎದ್ದು ಬನ್ನಿ. ಆಮಿಷದ ಮತಾಂತರ ಸಂವಿಧಾನದ 25ನೇ ವಿಧಿ ಕೊಡುವ ಪ್ರಚಾರದ ಹಕ್ಕಿನೊಳಗೆ ಬರುವುದಿಲ್ಲ.

ಪ್ರಶ್ನೆ: ಮೇ ತಿಂಗಳಲ್ಲಿ ನೀರೂ ಇಲ್ಲದ ಉಪವಾಸ ಹೇಗೆ ತಾಳುತ್ತಾರೆ? ಬಿಳಿ ಅಂಗಿ ಹಳದಿಯಾಗುವುದಕ್ಕೆ ಉಪಾಯವಿದೆಯೇ?
(ಓದುಗರು, ಯಾದಗಿರಿ)

ಉತ್ತರ: ಉಪವಾಸ ತಿಂಗಳ ಮೊದಲ ಭಾನುವಾರ, ಎರಡು ಹೊತ್ತಿನ ಊಟ ಬಿಡುವುದು, ಸುಮಾರು 24 ತಾಸು. ಉಳಿದ ಊಟದ ದುಡ್ಡು ಬಡವರ ನಿಧಿಗೆ. ಶನಿವಾರ ಸಂಜೆಯ ಊಟದಿಂದ ಭಾನುವಾರ ಸಂಜೆಯವರೆಗೆ ಇಟ್ಟುಕೊಂಡರೆ ಮಲಗಿದ ಹೊತ್ತೂ ಲೆಕ್ಕಕ್ಕೆ ಬರುತ್ತದೆ. ಶನಿವಾರ ದಿನವಿಡೀ ನೀರು ಕುಡಿಯಬೇಕು, ರಾತ್ರಿ ಹಿಂಡಿ, ಉಪ್ಪಿನಕಾಯಿ ಕಡಿಮೆ ಮಾಡಬೇಕು. ತಲೆಸುತ್ತು, ಮೂತ್ರ ಗಾಢ ಹಳದಿ ಕಂಡರೆ ಅಲ್ಲಿಗೇ ಮುರಿಯಬೇಕು. ಕಾಯಿಲೆಯವರಿಗೆ, ಗರ್ಭಿಣಿಯರಿಗೆ, ಸಕ್ಕರೆ ಕಾಯಿಲೆಯವರಿಗೆ ಉಪವಾಸದ ಒತ್ತಾಯವಿಲ್ಲ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಸಪಾಟಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು: ಉಪವಾಸ ಬಿಟ್ಟ ಮೇಲೆ ಇದು ಒಳ್ಳೆಯದು. ಉಪ್ಪು ಹೆಚ್ಚಾದರೆ ಅಪಾಯ, ಕಣ್ಣಳತೆ ಬೇಡ.

ಅಂಗಿಯ ಹಳದಿಗೆ ಜನ ಬ್ಲೀಚ್ ಹಾಕುತ್ತಾರೆ, ಅದೇ ತಪ್ಪು. ಬೀದರಿನ ಕೆಂಪು ಮಣ್ಣಿನಲ್ಲಿ ಕಬ್ಬಿಣದ ಅಂಶವಿದೆ. ಕ್ಲೋರಿನ್ ಬ್ಲೀಚ್ ತಗುಲಿದರೆ ಆ ಕಲೆ ಕೂತುಬಿಡುತ್ತದೆ. ಬೆವರಿನ ಕಲೆಯೂ ಅಷ್ಟೇ. ಕೆಮ್ಮಣ್ಣಿಗೆ ನಿಂಬೆರಸ ಹಚ್ಚಿ ಅರ್ಧ ಗಂಟೆ ಬಿಟ್ಟು ತೊಳೆಯಿರಿ. ಕತ್ತುಪಟ್ಟಿಗೆ ಸೋಪು ತಿಕ್ಕಿ ರಾತ್ರಿ ನೆನೆಸಿಡಿ. ಯಾದಗಿರಿ, ಕಲಬುರಗಿಯ ಎರೆಮಣ್ಣು ಬೂಟಿಗೆ ಮೆತ್ತಿದರೆ ಒಣಗಿದ ಮೇಲೆಯೇ ಉದುರಿಸಿ. ಹತ್ತಿಯ ಅಂಗಿ ಆರು, ಗಟ್ಟಿ ಅಟ್ಟೆಯ ಬೂಟು ಎರಡು ಜೊತೆ ಇದ್ದರೆ ನೆಮ್ಮದಿ.

ಪ್ರಶ್ನೆ: ಹೆಣ್ಣುಮಕ್ಕಳೂ ಹೋಗಬಹುದೇ?
(ಓದುಗರು, ಬಸವಕಲ್ಯಾಣ)

ಉತ್ತರ: ಹೋಗಬಹುದು, 18 ತಿಂಗಳು. ಹುಡುಗರಿಗೆ ಅದು ಕರ್ತವ್ಯವೆಂದು ಕಲಿಸುತ್ತಾರೆ, ಹೆಣ್ಣುಮಕ್ಕಳಿಗೆ ಆಯ್ಕೆ. ‘ಸಿಸ್ಟರ್’ ಎಂದು ಕರೆಯುತ್ತಾರೆ. ಕಲಿಸುತ್ತಾರೆ, ಬೇರೆ ಸಿಸ್ಟರ್‌ಗಳಿಗೆ ತರಬೇತಿ ಕೊಡುತ್ತಾರೆ, ದೀಕ್ಷಾಸ್ನಾನ ಮಾತ್ರ ಮಾಡಿಸುವುದಿಲ್ಲ. 2019ರ ಅಕ್ಟೋಬರಿನಿಂದ ಅದಕ್ಕೆ ಸಾಕ್ಷಿಯಾಗಿ ನಿಲ್ಲಬಹುದು.

ಪ್ರಶ್ನೆ: ಮಗ ಹೋಗಿ ಎರಡು ತಿಂಗಳಾಯ್ತು. ಫೋನಿನಲ್ಲಿ ‘ಪ್ರಾರ್ಥನೆ ಮಾಡ್ತೀನಿ, ಏನೂ ಅನ್ನಿಸ್ತಿಲ್ಲವ್ವ’ ಅಂದು ಅತ್ತ. ಏನು ಹೇಳಲಿ?
(ಓದುಗರು, ಕಲಬುರಗಿ)

ಉತ್ತರ: ತಾಯಿ, ಮೊದಲ ವಾರಗಳಲ್ಲಿ ಇದು ಬಹಳ ಜನಕ್ಕೆ ಆಗುತ್ತದೆ. ಯಾಕೋಬನ ಪತ್ರಿಕೆಯ ಮೊದಲ ಅಧ್ಯಾಯದ ಐದನೇ ವಚನ, ‘ಜ್ಞಾನ ಬೇಕಾದವನು ದೇವರನ್ನು ಕೇಳಲಿ’ ಎಂಬುದು, ಅವರ ಸಭೆ ಹುಟ್ಟಿದ ಮಾತು. ಕೇಳಿದರೆ ಉತ್ತರ ಬರುತ್ತದೆಂದು ದಿನಾ ಬೇರೆಯವರಿಗೆ ಹೇಳುವ ಹುಡುಗನಿಗೆ ತನಗೇ ಬಂದಂತೆ ತೋರದಿದ್ದರೆ, ತಾನು ಸುಳ್ಳು ಹೇಳುತ್ತಿದ್ದೇನೆ ಎಂಬ ಭಯ ಹಿಡಿಯುತ್ತದೆ. ಎದೆ ಬಿಸಿಯಾಗಬೇಕು, ಕಣ್ಣೀರು ಬರಬೇಕು ಎಂದು ಕಾಯುವುದೇ ತೊಡಕಿನ ಮೂಲ. ಅವರದೇ ಗ್ರಂಥ ಪವಿತ್ರಾತ್ಮ ‘ಮನಸ್ಸಿನಲ್ಲೂ ಹೃದಯದಲ್ಲೂ’ ತಿಳಿಸುತ್ತದೆ ಎನ್ನುತ್ತದೆ. ಒಂದು ಆಲೋಚನೆ ತಿಳಿಯಾಗುವುದು, ಒಬ್ಬರನ್ನು ನೋಡಿಬರಬೇಕೆಂದು ಹೊಳೆಯುವುದು, ಜೊತೆಗಾರನ ಮೇಲಿನ ಸಿಟ್ಟು ಇಳಿಯುವುದು, ಇವೂ ಉತ್ತರವೇ. ದಿನಾ ಅಧ್ಯಯನದ ಪುಸ್ತಕದಲ್ಲಿ ಮೂರು ಸಾಲು ಬರೆಯಲಿ: ಏನು ಓದಿದೆ, ಏನು ಹೊಳೆಯಿತು, ಏನು ಮಾಡಿದೆ. ಆರು ವಾರ ಬರೆದು ತಿರುಗಿ ಓದಿದರೆ, ಬರೆಯುವಾಗ ಕಾಣದ ಎಳೆ ಕಾಣುತ್ತದೆ.

ಹಾಗೆಯೇ ಎಲ್ಲವನ್ನೂ ನಂಬಿಕೆಯ ತಲೆಗೆ ಕಟ್ಟಬಾರದು. ನಿದ್ದೆಗೆಟ್ಟರೂ, ಹೊಟ್ಟೆ ಕೆಟ್ಟರೂ ಮನಸ್ಸು ಬತ್ತುತ್ತದೆ. ಅವರ ತರಬೇತಿಯಲ್ಲಿ ಒತ್ತಡಕ್ಕೆ ನಾಲ್ಕು ಬಣ್ಣಗಳಿವೆ: ಹಸಿರು ಸರಾಗ, ಹಳದಿ ಕಷ್ಟ ಆದರೂ ಸಾಗುತ್ತದೆ, ಕಿತ್ತಳೆ ದಣಿವು ಬಹುಕಾಲ ಇಳಿಯದು, ಕೆಂಪು ಕೈಮೀರಿದೆ. ಯಾವ ಬಣ್ಣ ಎಂದು ಮಗನನ್ನು ಕೇಳಿ. ಕಿತ್ತಳೆ ಅಂದರೆ ಮಿಷನ್ ಅಧ್ಯಕ್ಷರಿಗೆ ಅಥವಾ ಅವರ ಪತ್ನಿಗೆ ಅಂದೇ ಹೇಳಲಿ, ಕೆಂಪಾದರೆ ನೀವೂ ಮಾತಾಡಿ, ವೈದ್ಯರನ್ನು ಕಾಣಿಸಲು ಕೇಳಿ. ಆರೋಗ್ಯಕ್ಕಾಗಿ ಮುಂಚೆಯೇ ಮರಳುವುದು ಗೌರವದ ಮರಳುವಿಕೆಯೇ. ನೆಂಟರು ಏನಂದಾರು ಎಂಬ ಅಂಜಿಕೆಗೆ ಮಗನನ್ನು ಅಲ್ಲಿ ಉಳಿಸಬೇಡಿ.

2019ರ ಫೆಬ್ರವರಿಯಿಂದ ವಾರಕ್ಕೊಮ್ಮೆ, ಬಟ್ಟೆ ಒಗೆದು ಸಂತೆ ಮಾಡುವ ‘ಪಿ-ಡೇ’ ದಿನ, ಮನೆಗೆ ವಿಡಿಯೋ ಕರೆ ಮಾಡಬಹುದು. ಅದಕ್ಕೂ ಮುಂಚೆ ವರ್ಷಕ್ಕೆ ಎರಡೇ ಕರೆ ಇತ್ತು. ‘ಎಷ್ಟು ಜನಕ್ಕೆ ಕಲಿಸಿದಿ’ ಎಂದು ಕೇಳಬೇಡಿ. ‘ಉಂಡಿ? ನಿದ್ದಿ ಆಯ್ತಾ? ಈ ವಾರ ಯಾವ ಮಾತು ಮನಸಿಗೆ ಹಿಡೀತು?’ ಎಂದು ಕೇಳಿ.

ಪ್ರಶ್ನೆ: ಮುಂದಿನ ತಿಂಗಳು ಅಣ್ಣ ಮಿಷನ್ ಮುಗಿಸಿ ಬರುತ್ತಾನೆ. ನಾವೇನು ತಯಾರಿ ಮಾಡಬೇಕು?
(ಓದುಗರು, ಶಹಾಪುರ)

ಉತ್ತರ: ಸ್ಟೇಕ್ ಅಥವಾ ಮಿಷನ್ ಅಧ್ಯಕ್ಷರು ವಿಧಿವತ್ತಾಗಿ ಬಿಡುಗಡೆ ಮಾಡುವವರೆಗೆ ಅವನು ಮಿಷನರಿಯೇ, ಕಪ್ಪು ಹೆಸರುಪಟ್ಟಿ ಎದೆಯ ಮೇಲೇ ಇರುತ್ತದೆ. ಬಂದ ದಿನವೇ ಸಿನಿಮಾಕ್ಕೆ ಎಳೆಯಬೇಡಿ. ಡಿಗ್ರಿ ಅರ್ಧಕ್ಕೆ ಬಿಟ್ಟಿದ್ದರೆ ಮರುಪ್ರವೇಶದ ಕೊನೆ ದಿನಾಂಕವನ್ನು ಈಗಲೇ ಕಾಲೇಜಿನಲ್ಲಿ ವಿಚಾರಿಸಿ. ಒಂದು ವಾರ ತಪ್ಪಿದರೆ ವರ್ಷ ಹೋಗುತ್ತದೆ. ಮದುವೆ ಮಾತು ಮೊದಲ ತಿಂಗಳು ಬೇಡ. ಬೆಳಿಗ್ಗೆ ಓದುವ ರೂಢಿ ಬಿಡದಿರಲು ಅವನಿಗೊಂದು ಮೂಲೆ, ಒಂದು ದೀಪ ಮಾಡಿಕೊಡಿ. ಎರಡು ವರ್ಷ ಒಂದು ಗಳಿಗೆಯೂ ಒಂಟಿಯಾಗಿರದವನಿಗೆ ಖಾಲಿ ಕೋಣೆಯೇ ವಿಚಿತ್ರ ಅನ್ನಿಸುತ್ತದೆ. ಕಿರಾಣಿ ಅಂಗಡಿಗೆ ಹೊರಟು ಬಾಗಿಲಲ್ಲಿ ನಿಂತು ‘ಬರ್ತೀಯೇನು?’ ಎಂದು ಹಿಂದಿರುಗಿ ನೋಡಿದರೆ, ಚಪ್ಪಲಿ ಹಾಕಿಕೊಂಡು ಜೊತೆಗೆ ನಡೆಯಿರಿ.