ಹಿತ್ತಲಿಗೆ ಐದಾರು ಕೋಳಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ತೆಂಗಿನ ತೋಟದಲ್ಲೇ ನಮ್ಮ ಮನೆ. ನಾಲ್ಕು ಜನ ಇದ್ದೇವೆ. ಐದಾರು ಕೋಳಿ ಸಾಕಿದರೆ ನಿಜವಾಗಿ ಲಾಭವೇ? ಅಂಗಡಿ ಮೊಟ್ಟೆಯೇ ಅಗ್ಗ ಎನ್ನುತ್ತಾರೆ.
– ಓದುಗರು, ತುರುವೇಕೆರೆ

ಉತ್ತರ: ಮೇವನ್ನೆಲ್ಲ ದುಡ್ಡು ಕೊಟ್ಟು ತರುವುದಾದರೆ ಅವರು ಹೇಳುವುದು ಸರಿ. ಕೋಳಿ ತಾನೇ ಕೆದಕಿ ತಿಂದಷ್ಟೂ ನಿಮಗೆ ಉಳಿತಾಯ. ಮೊಟ್ಟೆಗೆ ಬಂದ ಹೇಂಟೆಗೆ ದಿನಕ್ಕೆ 110–120 ಗ್ರಾಂ ಮೇವು ಬೇಕು. ತೋಟದ ಹುಳುಹುಪ್ಪಟೆ, ಸೊಪ್ಪು, ಅಡುಗೆಮನೆಯಲ್ಲಿ ಮಿಕ್ಕಿದ್ದು ಸೇರಿದರೆ ಅರ್ಧ ತೂಗುತ್ತದೆ. ಉಳಿದದ್ದಕ್ಕೆ ಸಂಜೆ ಗೂಡಿಗೆ ಕರೆಯುವ ಹೊತ್ತಿಗೆ ಒಂದೊಂದಕ್ಕೆ 50 ಗ್ರಾಂನಷ್ಟು ರಾಗಿ, ಜೋಳದ ನುಚ್ಚು, ತೌಡು ಹಾಕಿ. ಐದು ಕೋಳಿಗೆ ತಿಂಗಳಿಗೆ ಏಳೆಂಟು ಕಿಲೋ ಆಗುತ್ತದೆ, ಅಷ್ಟೆ. ಬೂಷ್ಟು ಹಿಡಿದ ಜೋಳ ಮಾತ್ರ ಬೇಡವೇ ಬೇಡ, ಅದರ ವಿಷ ಕೋಳಿಯ ಈಲಿ ಕೆಡಿಸುತ್ತದೆ.

ನಾಟಿ ಹೇಂಟೆ ವರ್ಷಕ್ಕೆ 50–60 ಮೊಟ್ಟೆ ಇಡುತ್ತದೆ. ಸ್ವರ್ಣಧಾರ ತಳಿ ಒಳ್ಳೆಯ ಆರೈಕೆಯಲ್ಲಿ 180ರ ಆಸುಪಾಸು ಇಡುತ್ತದೆ. ಹಿತ್ತಲಲ್ಲಿ 150 ಎಂದೇ ಹಿಡಿಯಿರಿ, ಐದು ಕೋಳಿಯಿಂದ ಸರಾಸರಿ ದಿನಕ್ಕೆ ಎರಡು ಮೊಟ್ಟೆ. ಮಕ್ಕಳಿರುವ ಮನೆಗೆ ಇದು ಸಣ್ಣ ಮಾತಲ್ಲ.

ಬರೀ ಕಾಳು ತಿಂದ ಕೋಳಿ ಮೊಟ್ಟೆ ಕಡಿಮೆ ಇಡುತ್ತದೆ, ಅದಕ್ಕೆ ಹುಳುವೂ ಬೇಕು. ಹಳೆ ಮಡಕೆಗೆ ಒಣ ಸಗಣಿ, ಹರಿದ ಗೋಣಿಚೀಲದ ಚೂರು ತುಂಬಿ, ನೀರು ಚಿಮುಕಿಸಿ, ಗೆದ್ದಲು ಓಡಾಡುವ ಕಡೆ ಬೋರಲು ಹಾಕಿ. ಮರುದಿನ ಎತ್ತಿ ಕೋಳಿಗಳ ಮುಂದೆ ಕೊಡವಿ. ಮರಿಗಳಿಗಂತೂ ಇದಕ್ಕಿಂತ ಒಳ್ಳೆಯ ಮೇವಿಲ್ಲ.

ಗೂಡಿನ ನೆಲಕ್ಕೆ ಮೂರು ಇಂಚು ತೆಂಗಿನ ನಾರಿನ ಪುಡಿ ಹರಡಿ, ವಾರಕ್ಕೊಮ್ಮೆ ಕೆದಕಿ. ಹಿಕ್ಕೆಯ ಜೊತೆ ಬೆರೆತ ಈ ಪುಡಿಯನ್ನು ತರಗೆಲೆ ಸೇರಿಸಿ ಎರಡು ಮೂರು ತಿಂಗಳು ಕೊಳೆಸಿದರೆ ತರಕಾರಿಗೆ ಒಳ್ಳೆ ಗೊಬ್ಬರ. ಹಸಿ ಹಿಕ್ಕೆಯನ್ನೇ ಬುಡಕ್ಕೆ ಹಾಕಿದರೆ ಸಸಿ ಸುಟ್ಟುಹೋಗುತ್ತದೆ. ಗೂಡಿಗೆ ಅರ್ಧ ಇಂಚು ಕಣ್ಣಿನ ಗಟ್ಟಿ ತಂತಿ ಬಲೆ ಹೊಡೆಸಿ. ಅಗ್ಗದ ತೆಳು ಬಲೆಯನ್ನು ಹೆಗ್ಗಣ ಕಡಿಯುತ್ತದೆ, ಆ ತೂತಿನಲ್ಲೇ ಮುಂಗುಸಿ ನುಗ್ಗುತ್ತದೆ.

ಪ್ರಶ್ನೆ: ಬೇಸಿಗೆಯಲ್ಲಿ ಕೋಳಿಗಳು ತೂಕಡಿಸುತ್ತಾ, ಹಸಿರು ಬೆರೆತ ಬಿಳಿ ಹಿಕ್ಕೆ ಹಾಕಿ, ಕತ್ತು ತಿರುಚಿಕೊಂಡು ನಾಲ್ಕೇ ದಿನದಲ್ಲಿ ಹನ್ನೊಂದೂ ಸತ್ತವು. ಮತ್ತೆ ಸಾಕಲು ಭಯ.
– ಓದುಗರು, ಹುಣಸೂರು

ಉತ್ತರ: ಲಕ್ಷಣ ನೋಡಿದರೆ ಕೊಕ್ಕರೆ ರೋಗ, ಅಂದರೆ ರಾಣಿಖೇತ್. ಬಂದ ಮೇಲೆ ಇದಕ್ಕೆ ಔಷಧಿ ಇಲ್ಲ. ಹಕ್ಕಿಜ್ವರವೂ ಹೀಗೇ ಕಾಣಬಹುದು. ಆದ್ದರಿಂದ ಒಟ್ಟಿಗೆ ಸಾಯತೊಡಗಿದ ದಿನವೇ ಪಶು ಆಸ್ಪತ್ರೆಗೆ ತಿಳಿಸಬೇಕು. ಸತ್ತ ಕೋಳಿಯನ್ನು ತಿಪ್ಪೆಗೆ ಎಸೆಯಬೇಡಿ, ಸಾಯುತ್ತಿರುವುದನ್ನು ಕೊಯ್ದು ತಿನ್ನಬೇಡಿ. ಆಳವಾಗಿ ಗುಂಡಿ ತೋಡಿ ಸುಣ್ಣ ಹಾಕಿ ಹೂಳಿ. ಗೂಡು ತೊಳೆದು, ಸುಣ್ಣ ಬಳಿದು, ಕನಿಷ್ಠ ಒಂದು ತಿಂಗಳು ಖಾಲಿ ಬಿಡಿ.

ಭಯ ಬಿಡಿ, ಲಸಿಕೆ ಮಾತ್ರ ಬಿಡಬೇಡಿ. ಮರಿಗೆ ಏಳನೇ ದಿನದೊಳಗೆ ಲಸೋಟ ಲಸಿಕೆ, ಕಣ್ಣಿಗೆ ಒಂದು ಹನಿ. 28ನೇ ದಿನಕ್ಕೆ ಇನ್ನೊಮ್ಮೆ. ಎಂಟು ವಾರ ತುಂಬಿದ ಮೇಲೆ ಆರ್‌2ಬಿ ಚುಚ್ಚುಮದ್ದು, ಅರ್ಧ ಮಿಲಿ, ರೆಕ್ಕೆಯ ಕೆಳಗಿನ ಚರ್ಮದಡಿ. ಆರ್‌2ಬಿ ಕಡು ಲಸಿಕೆ, ಎಳೆ ಮರಿಗೆ ಕೊಟ್ಟರೆ ಅದೇ ರೋಗ ತರಬಹುದು. ಮೊಟ್ಟೆ ಇಡುವ ಕೋಳಿಗೆ ಹಾಕಿದರೆ ಕೆಲವು ದಿನ ಮೊಟ್ಟೆ ಕಡಿಮೆಯಾಗಬಹುದು, ಗಾಬರಿ ಬೇಡ. ಒಂದು ವಾರ ಮೊದಲೇ ಜಂತುಹುಳದ ಔಷಧಿ ಕೊಟ್ಟಿದ್ದರೆ ಲಸಿಕೆ ಚೆನ್ನಾಗಿ ಹಿಡಿಯುತ್ತದೆ.

ತೊಡಕಿರುವುದು ಸೀಸೆಯಲ್ಲಿ. ಒಂದು ಸೀಸೆಯಲ್ಲಿ ನೂರು ಕೋಳಿಗಾಗುವಷ್ಟು ಇರುತ್ತದೆ, ಕಲಸಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು. ನಿಮ್ಮ ಆರು ಕೋಳಿಗೆಂದು ಯಾರೂ ಒಡೆಯುವುದಿಲ್ಲ, ನಾಳೆಗೆಂದು ಎತ್ತಿಟ್ಟರೆ ನೀರು ಚುಚ್ಚಿದಂತೆಯೇ. ಅದಕ್ಕೆ ಬೀದಿಯವರೆಲ್ಲ ಮಾತಾಡಿಕೊಂಡು ಒಂದೇ ಬೆಳಿಗ್ಗೆ, ಗೂಡು ತೆರೆಯುವ ಮೊದಲೇ, ಎಲ್ಲ ಮನೆಯ ಕೋಳಿಗಳಿಗೂ ಹಾಕಿಸಿ. ಪಕ್ಕದ ಮನೆಯ ಕೋಳಿಗೆ ಹಾಕಿಸದಿದ್ದರೆ ನಿಮ್ಮ ಮರಿಗಳಿಗೂ ಅಪಾಯ. ಅಂಗಡಿಯಿಂದ ಮನೆವರೆಗೂ ಸೀಸೆ ಐಸ್ ತುಂಬಿದ ಫ್ಲಾಸ್ಕಿನಲ್ಲೇ ಬರಬೇಕು. ಜೇಬಿನಲ್ಲಿ ಇಟ್ಟುಕೊಂಡು ಬಿಸಿಲಲ್ಲಿ ಬಂದವರೇ ‘ಲಸಿಕೆ ಹಾಕಿಸಿದರೂ ಸತ್ತವು’ ಎನ್ನುವುದು. ಹಬ್ಬಕ್ಕೆಂದು ಸಂತೆಯಿಂದ ತಂದ ಕೋಳಿಯನ್ನು ಮೂರು ವಾರ ಬೇರೆಯೇ ಕಟ್ಟಿ.

ಪ್ರಶ್ನೆ: ಮೊಟ್ಟೆಯ ಚಿಪ್ಪು ಮೆತ್ತಗೆ, ಮುಟ್ಟಿದರೆ ಒಡೆಯುತ್ತದೆ.
– ಓದುಗರು, ಸಾಗರ

ಉತ್ತರ: ಸುಣ್ಣದ ಅಂಶ ಸಾಲದು. ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ಬಟ್ಟಲಲ್ಲಿಡಿ, ಬೇಕಾದಷ್ಟು ಅವೇ ತಿನ್ನುತ್ತವೆ. ಚಿಪ್ಪು ಕಟ್ಟುವುದು ಹೆಚ್ಚಾಗಿ ರಾತ್ರಿ, ಹಾಗಾಗಿ ಸಂಜೆ ಸಿಗುವಂತಿರಲಿ. ಮನೆಯ ಮೊಟ್ಟೆ ಚಿಪ್ಪನ್ನೂ ಹುರಿದು ನುಣ್ಣಗೆ ಕುಟ್ಟಿ ಕೊಡಬಹುದು. ಗುರುತು ಸಿಗುವಂತೆ ದೊಡ್ಡ ಚೂರು ಹಾಕಿದರೆ ಮೊಟ್ಟೆ ಕುಕ್ಕಿ ತಿನ್ನುವ ಚಟ ಹತ್ತುತ್ತದೆ.

ಪ್ರಶ್ನೆ: ಮೊಟ್ಟೆ ಇಡಲು ಹುಂಜ ಬೇಕೇ?
– ಓದುಗರು, ಬೆಂಗಳೂರು

ಉತ್ತರ: ಬೇಡ. ಮರಿ ಮಾಡಿಸುವುದಾದರೆ ಮಾತ್ರ ಬೇಕು.

ಪ್ರಶ್ನೆ: ನಮ್ಮ ಗಿರಿರಾಜ ಕೋಳಿ ಕಾವಿಗೆ ಕೂರುವುದೇ ಇಲ್ಲ.
– ಓದುಗರು, ಹಾವೇರಿ

ಉತ್ತರ: ಬೆಂಗಳೂರಿನ ಹೆಬ್ಬಾಳದಲ್ಲಿ ರೂಪಿಸಿದ ಆ ತಳಿಗೆ ಕಾವಿನ ಗುಣವಿಲ್ಲ. ಹಾಗಾಗಿ ಮನೆಯಲ್ಲಿ ಒಂದಾದರೂ ನಾಟಿ ಹೇಂಟೆ ಇರಲಿ. ಅದು ತನ್ನ ಮೊಟ್ಟೆಯಾದರೆ ಹನ್ನೆರಡಕ್ಕೆ ಕಾವು ಕೊಟ್ಟೀತು, ಗಿರಿರಾಜನ ಮೊಟ್ಟೆ ದಪ್ಪ, ಎಂಟೊಂಬತ್ತು ಸಾಕು. ವಾರದೊಳಗಿನ ಮೊಟ್ಟೆಗಳನ್ನೇ ಆರಿಸಿ, ಕತ್ತಲಾದ ಮೇಲೆ ಕೂರಿಸಿ. ಏಳನೇ ರಾತ್ರಿ ಮೊಬೈಲ್ ಟಾರ್ಚ್ ಮೇಲೆ ಮೊಟ್ಟೆ ಹಿಡಿದು ನೋಡಿ: ಜೇಡದ ಕಾಲಿನಂತೆ ಕೆಂಪು ನರ ಹರಡಿದ್ದರೆ ಮರಿ ಕಟ್ಟಿದೆ, ಪೂರ್ತಿ ತಿಳಿಯಾಗಿ ಕಂಡರೆ ತೆಗೆದುಬಿಡಿ. 18ನೇ ದಿನದಿಂದ ಮುಟ್ಟಲೇಬೇಡಿ, 21ಕ್ಕೆ ಮರಿ ಒಡೆಯುತ್ತದೆ. ನಡುವೆ ಹೇಂಟೆ ಎದ್ದು ಹೋಗುವುದು ಎಷ್ಟೋ ಸಲ ಹೇನಿನ ಕಾಟಕ್ಕೆ. ಕೂರಿಸುವ ಮೊದಲೇ ಬುಟ್ಟಿಯ ತಳಕ್ಕೆ ಒಲೆಬೂದಿ ಹರಡಿ, ಅದರ ಮೇಲೆ ಒಣಗಿದ ಬೇವಿನ ಸೊಪ್ಪು, ಆಮೇಲೆ ಹುಲ್ಲು ಹಾಸಿ.