ಬೀದಿಬದಿ ಚಾರ್ಜಿಂಗ್: ವೇಗ ಬೇಕೋ, ಸಂಖ್ಯೆ ಬೇಕೋ?

ಪ್ರಶ್ನೆ: ನಮ್ಮ ಬಡಾವಣೆಯಲ್ಲಿ ಬಹುತೇಕ ಕಾರುಗಳು ರಾತ್ರಿ ರಸ್ತೆಬದಿಯಲ್ಲೇ ನಿಲ್ಲುತ್ತವೆ. ವಿದ್ಯುತ್ ಕಾರುಗಳಿಗಾಗಿ ನಗರಾಡಳಿತ 60 ಕಿಲೋವ್ಯಾಟ್‌ನ ಒಂದು ಫಾಸ್ಟ್ ಚಾರ್ಜರ್ ಹಾಕಲು ಹೊರಟಿದೆ. ಸಾಕೇ?

ಉತ್ತರ: ಸಾಲದು. ರಾತ್ರಿಯಿಡೀ ನಿಲ್ಲುವ ಕಾರಿಗೆ ವೇಗಕ್ಕಿಂತ ಪ್ಲಗ್ ಸಿಗುವುದು ಮುಖ್ಯ. ಅದೇ ವಿದ್ಯುತ್ ಲೋಡಿನಲ್ಲಿ 7.4 ಕಿಲೋವ್ಯಾಟ್‌ನ (ಸಿಂಗಲ್ ಫೇಸ್, 32 ಆಂಪಿಯರ್) ಎಂಟು ಎಸಿ (ಮನೆಗೆ ಬರುವಂಥ ಪರ್ಯಾಯ ವಿದ್ಯುತ್) ಚಾರ್ಜಿಂಗ್ ಪಾಯಿಂಟ್‌ ಕೊಡಬಹುದು. 40 ಯೂನಿಟ್ ಬ್ಯಾಟರಿ ಪೂರ್ತಿ ತುಂಬಲು ಸುಮಾರು ಆರು ಗಂಟೆ ಸಾಕು. ಕಾರಿನೊಳಗಿನ ಚಾರ್ಜರ್ 3.3 ಕಿಲೋವ್ಯಾಟ್‌ನದಾದರೆ ಮಾತ್ರ ಹನ್ನೆರಡು ಗಂಟೆ ದಾಟುತ್ತದೆ. ಎಸಿ ಪಾಯಿಂಟ್ ಎಷ್ಟೇ ದೊಡ್ಡದಿದ್ದರೂ ಆ ಅವಧಿ ಬದಲಾಗದು. ಇರುವ ಲೋಡನ್ನು ಕಾರುಗಳ ನಡುವೆ ಹಂಚುವ ನಿಯಂತ್ರಕ ಇದ್ದರೆ ಎಂಟಕ್ಕಿಂತ ಹೆಚ್ಚು ಪಾಯಿಂಟ್‌ಗಳೂ ಸಾಧ್ಯ. ಮೂರು ಫೇಸ್‌ಗಳಿಗೂ ಪಾಯಿಂಟ್‌ಗಳನ್ನು ಆದಷ್ಟು ಸಮನಾಗಿ ಹಂಚಲೇಬೇಕು.

ಚಾರ್ಜಿಂಗ್ ಜಾಗದ ನಕ್ಷೆ ನೋಡುವಾಗ ಕೇಬಲ್ ಉದ್ದ ಕೇಳಿ. ಚಾರ್ಜಿಂಗ್ ಪೋರ್ಟ್ ಕೆಲವು ಕಾರುಗಳಲ್ಲಿ ಮೂತಿಯಲ್ಲಿರುತ್ತದೆ, ಕೆಲವದರಲ್ಲಿ ಹಿಂದಿನ ಚಕ್ರದ ಮೇಲೆ. ಮೂರು ಮೀಟರ್ ಕೇಬಲ್ ಇದ್ದರೆ ಹಲವು ಕಾರುಗಳಿಗೆ ಎಟುಕದು, ಚಾಲಕರು ಅಡ್ಡಡ್ಡ ನಿಲ್ಲಿಸಿ ಪಕ್ಕದ ಜಾಗವನ್ನೂ ಕೆಡಿಸುತ್ತಾರೆ. ಐದು ಮೀಟರ್ ಇರಲಿ.

ಪಾಯಿಂಟ್‌ನ ಪರದೆ (ಸ್ಕ್ರೀನ್) ಗಾಲಿಕುರ್ಚಿಯಲ್ಲಿ ಕುಳಿತವರ ಕಣ್ಣಿನ ಮಟ್ಟದಲ್ಲಿರಬೇಕು, ಮುಂದೆ ಕಟ್ಟೆ ಬೇಡ. ಪಾವತಿಗೆ ಆ್ಯಪ್ ಒಂದನ್ನೇ ನೆಚ್ಚಿದರೆ ಫೋನಿನ ನೆಟ್‌ವರ್ಕ್ ಹೋದಾಗ ಎಲ್ಲ ನಿಲ್ಲುತ್ತದೆ; ಕಾರ್ಡ್ ಪಾವತಿಯನ್ನೂ ಕೇಳಿ. ಬ್ಯಾಟರಿ ತುಂಬಿದ ಮೇಲೂ ಜಾಗ ಹಿಡಿದವರಿಗೆ ಹಗಲಿನಲ್ಲಿ ಶುಲ್ಕ ಹಾಕಲಿ, ರಾತ್ರಿ ಬೇಡ.