ಆರ್‌ಎಸ್‌ವಿ ಸಂಶೋಧನೆಗೆ ಕರುವೇ ಏಕೆ?

ಪ್ರಶ್ನೆ: ಹಸುಳೆಗಳಿಗೆ ಉಬ್ಬಸ ತರುವ ಆರ್‌ಎಸ್‌ವಿ ವೈರಸ್ಸಿನ ಅಧ್ಯಯನಕ್ಕೆ ಕರುಗಳನ್ನು ಬಳಸುತ್ತಾರೆಂದು ಓದಿದೆ. ಸಾಕಲು ಸುಲಭವಾದ ಬಿಳಿ ಇಲಿ ಇರುವಾಗ ಕರುವೇಕೆ?
– ಪಶುವೈದ್ಯಕೀಯ ವಿದ್ಯಾರ್ಥಿನಿ, ಬೀದರ್

ಉತ್ತರ: ಮನುಷ್ಯರ ಆರ್‌ಎಸ್‌ವಿ ಇಲಿಯಲ್ಲಿ ಸರಿಯಾಗಿ ಬೆಳೆಯುವುದಿಲ್ಲ. ಲಕ್ಷಗಟ್ಟಲೆ ವೈರಸ್ ಕಣಗಳನ್ನು ಮೂಗಿಗೆ ಬಿಟ್ಟರೂ ಇಲಿ ತೂಕ ಕಳೆದುಕೊಳ್ಳುತ್ತದೆಯೇ ಹೊರತು ಹಸುಳೆಯಂತೆ ಕೆಮ್ಮುವುದಿಲ್ಲ. ಕರುವಿಗಾದರೆ ತನ್ನದೇ ಆರ್‌ಎಸ್‌ವಿ ಇದೆ. ಎರಡೂ ವೈರಸ್‌ಗಳು ಹತ್ತಿರದ ಸಂಬಂಧಿಗಳು. ಜೀವಕೋಶದೊಳಗೆ ನುಗ್ಗಲು ಬೇಕಾದ ಎಫ್ ಪ್ರೋಟೀನ್ ಶೇ 80ರಷ್ಟು ಒಂದೇ. ಕಾಯಿಲೆಯ ರೀತಿಯೂ ಹಾಗೆಯೇ: ಎಳೆಯವಕ್ಕೆ ಹೆಚ್ಚು, ಚಳಿಗಾಲದಲ್ಲಿ ಹೆಚ್ಚು. ಸಣ್ಣ ಶ್ವಾಸನಾಳಗಳ ಒಳಪದರ ಸತ್ತು ಉದುರಿ, ಲೋಳೆಯೊಡನೆ ಸೇರಿ ಗಾಳಿಯ ದಾರಿ ಕಟ್ಟುತ್ತದೆ.

1966ರಲ್ಲಿ ಅಮೆರಿಕದಲ್ಲಿ ಫಾರ್ಮಲಿನ್ ರಾಸಾಯನಿಕದಿಂದ ನಿಷ್ಕ್ರಿಯಗೊಳಿಸಿದ ಆರ್‌ಎಸ್‌ವಿ ಲಸಿಕೆಯನ್ನು ಮಕ್ಕಳಿಗೆ ಕೊಟ್ಟಾಗ, ನಂತರ ಸೋಂಕು ತಗುಲಿದವರಲ್ಲಿ ಶೇ 80ರಷ್ಟು ಮಂದಿ ಆಸ್ಪತ್ರೆ ಸೇರಿದರು, ಇಬ್ಬರು ತೀರಿಕೊಂಡರು. ಅದೇ ಬಗೆಯ ಲಸಿಕೆ ಕೊಟ್ಟ ಕರುಗಳಲ್ಲೂ ಕೆಲವು ಪ್ರಯೋಗಗಳಲ್ಲಿ ಕಾಯಿಲೆ ಉಲ್ಬಣಿಸಿತು. ಹೊಸ ಲಸಿಕೆ ಹಸುಳೆಗೆ ತಲುಪುವ ಮೊದಲು ಇಂಥ ಅಪಾಯವನ್ನು ಹಿಡಿಯಬಲ್ಲ ಪ್ರಾಣಿ ಬೇಕೇ ಬೇಕು. ಎಫ್ ಪ್ರೋಟೀನನ್ನು ಅದರ ಮೂಲ ಆಕಾರದಲ್ಲೇ ಹಿಡಿದಿಟ್ಟ ಲಸಿಕೆ ಕರುಗಳನ್ನು ಕಾಪಾಡಿದ್ದು 2017ರಲ್ಲಿ ವರದಿಯಾಯಿತು. ಅದೇ ತತ್ತ್ವದ ಲಸಿಕೆಗಳಿಗೆ 2023ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು.

ಪ್ರಶ್ನೆ: ಪ್ರಯೋಗದಲ್ಲಿ ಸೋಂಕು ಹಾಕಿದರೂ ಕೆಲವು ಕರುಗಳು ಆರಾಮಾಗೇ ಇರುತ್ತವಂತೆ. ಎಲ್ಲಿ ತಪ್ಪುತ್ತದೆ?
– ಪ್ರಯೋಗಾಲಯ ತಂತ್ರಜ್ಞ, ಬೆಂಗಳೂರು

ಉತ್ತರ: ಹೆಚ್ಚಿನ ಸಲ ಗಿಣ್ಣದ ಹಾಲಿನಲ್ಲಿ. ಹಸುವಿನ ಪ್ರತಿಕಾಯಗಳು ಗರ್ಭದಲ್ಲಿ ಕರುವಿಗೆ ದಾಟುವುದಿಲ್ಲ. ಹುಟ್ಟಿದ ಮೊದಲ 24 ಗಂಟೆಯೊಳಗೆ ಗಿಣ್ಣದ ಹಾಲಿನಿಂದಲೇ ರಕ್ತಕ್ಕೆ ಸೇರಬೇಕು. ತಾಯಿಗೆ ಹಿಂದೆ ಆರ್‌ಎಸ್‌ವಿ ಬಂದಿದ್ದರೆ ಆ ಪ್ರತಿಕಾಯಗಳು ಕರುವಿನಲ್ಲಿ ತಿಂಗಳುಗಟ್ಟಲೆ ಉಳಿದು ಕಾಯಿಲೆಯನ್ನು ತಗ್ಗಿಸುತ್ತವೆ. ಹಾಗಂತ ಗಿಣ್ಣದ ಹಾಲನ್ನೇ ತಪ್ಪಿಸಿದರೆ ಕರು ಇ. ಕೋಲಿ ಬ್ಯಾಕ್ಟೀರಿಯಾದ ನಂಜಿಗೆ ಬಲಿಯಾಗಬಹುದು. ಆದ್ದರಿಂದ ಹಾಲು ಕುಡಿಸಿ, ರಕ್ತ ಪರೀಕ್ಷಿಸಿ, ಆರ್‌ಎಸ್‌ವಿ ಪ್ರತಿಕಾಯ ಕಡಿಮೆ ಇರುವ ಕರುಗಳನ್ನೇ ಆರಿಸುವುದು ಸರಿ. ಗುಂಪು ಮಾಡುವಾಗ ತೂಕ, ಪ್ರತಿಕಾಯದ ಮಟ್ಟ ಎರಡನ್ನೂ ಎಲ್ಲ ಗುಂಪುಗಳಿಗೂ ಹಂಚಬೇಕು.

ಎರಡನೆಯದು ವೈರಸ್. ಜೀವಕೋಶಗಳಲ್ಲಿ ಮತ್ತೆ ಮತ್ತೆ ಬೆಳೆಸಿದಷ್ಟೂ ಅದರ ಉಗ್ರತೆ ಕುಗ್ಗುತ್ತದೆ. ಸೋಂಕಿತ ಕರುವಿನ ಶ್ವಾಸಕೋಶ ತೊಳೆದು ತೆಗೆದ ದ್ರವದಿಂದ ಬಂದ, ಕಡಿಮೆ ಸಲ ಬೆಳೆಸಿದ ವೈರಸ್ಸೇ ನಂಬಿಕೆಗೆ ಅರ್ಹ. ಅದನ್ನು ಮೈನಸ್ 80 ಡಿಗ್ರಿಯಲ್ಲಿ ಸಣ್ಣ ಸಣ್ಣ ಪಾಲು ಮಾಡಿ ಇಡಿ. ಒಮ್ಮೆ ಕರಗಿಸಿದ್ದನ್ನು ಮತ್ತೆ ಹೆಪ್ಪುಗಟ್ಟಿಸಿದರೆ ವೈರಸ್ ಸಾಕಷ್ಟು ಸತ್ತೇ ಹೋಗುತ್ತದೆ. ಮಾಸ್ಕ್ ಹಾಕಿ ನೆಬುಲೈಸರ್‌ನಿಂದ ಕೊಟ್ಟರೆ ಆಳದ ಶ್ವಾಸನಾಳಗಳಿಗೂ ಮುಟ್ಟುತ್ತದೆ. ಮೂಗಿಗೆ ಹನಿ ಹಾಕಿದರೆ ಹಲವು ಸಲ ನೆಗಡಿಯಲ್ಲೇ ಮುಗಿಯುತ್ತದೆ. ಅದೇ ದಿನ ಮಿಕ್ಕ ದ್ರವದಲ್ಲಿ ವೈರಸ್ ಎಷ್ಟಿದೆಯೆಂದು ಮತ್ತೆ ಅಳೆಯುವುದನ್ನು ಮರೆಯಬೇಡಿ.

ಮೂರನೆಯದು ಬಿವಿಡಿ, ಅಂದರೆ ದನಗಳಿಗೆ ಭೇದಿ ತಂದು ರೋಗನಿರೋಧಕ ಶಕ್ತಿ ಕುಗ್ಗಿಸುವ ವೈರಸ್. ಹುಟ್ಟಿನಿಂದಲೇ ಅದನ್ನು ಹೊತ್ತ ಒಂದು ಕರು ಸೇರಿಕೊಂಡರೆ ಇಡೀ ಪ್ರಯೋಗ ಹಾಳು. ವೈರಸ್ ಬೆಳೆಸುವ ಜೀವಕೋಶಗಳಿಗೆ ಹಾಕುವ, ಗರ್ಭದಲ್ಲಿನ ಕರುವಿನ ರಕ್ತದಿಂದ ತೆಗೆದ ಸೀರಮ್ಮಿನಲ್ಲೂ ಅದು ಅಡಗಿರಬಹುದು. ಕಿವಿಯ ಚೂರು ತೆಗೆದು ಪ್ರತಿ ಕರುವನ್ನೂ, ಪ್ರತಿ ಸೀರಮ್ ಬ್ಯಾಚನ್ನೂ ಪರೀಕ್ಷಿಸಿ.

ಕಾಯಿಲೆ ಹತ್ತಿದರೆ, ಸೋಂಕು ಹಾಕಿದ 4–5ನೇ ದಿನ ಜ್ವರ, ಕೆಮ್ಮು. 6–7ನೇ ದಿನ ಉಚ್ಛ್ರಾಯ. 10ನೇ ದಿನದ ಹೊತ್ತಿಗೆ ಇಳಿಮುಖ. ಶ್ವಾಸಕೋಶ ನೋಡಬೇಕಾದ್ದು 7ನೇ ದಿನ: ಮುಂದಿನ ಹಾಲೆಗಳು ಕೆಂಪು-ನೇರಳೆಯಾಗಿ, ಒತ್ತಿದರೆ ಪಿತ್ತಜನಕಾಂಗದಷ್ಟು ಗಟ್ಟಿ. ಉಸಿರಿನ ಎಣಿಕೆ ಬೆಳಗಿನ ತಂಪಿನಲ್ಲೇ, ಮೇವಿಗೆ ಮೊದಲು, ಒಬ್ಬರೇ ಮಾಡಲಿ. ಬಿಸಿಲೇರಿದ ಮೇಲೆ ಆರೋಗ್ಯವಂತ ಕರುವೂ ಏದುತ್ತದೆ. ಸೋಂಕಿಲ್ಲದ ಗುಂಪನ್ನು ಬೇರೆ ಕೊಟ್ಟಿಗೆಯಲ್ಲಿಟ್ಟು, ಕೆಲಸದವರು ಮೊದಲು ಅಲ್ಲಿಗೇ ಹೋಗಬೇಕು.

ಇಷ್ಟಾದರೂ ಫಲಿತಾಂಶವನ್ನು ನೇರ ಮಗುವಿಗೆ ಹೊಂದಿಸಬೇಡಿ. ಕರುವಿನ ಶ್ವಾಸಕೋಶದ ಕಿರುಹಾಲೆಗಳ ನಡುವೆ ದಪ್ಪ ಗೋಡೆಗಳಿವೆ. ನಾಳ ಕಟ್ಟಿದಾಗ ಪಕ್ಕದಿಂದ ಗಾಳಿ ಬರುವುದಿಲ್ಲ, ಹಾಗಾಗಿ ಕುಸಿತ ಹೆಚ್ಚು. ಅದರ ರಕ್ತದಲ್ಲಿ ಗಾಮಾ-ಡೆಲ್ಟಾ ಟಿ ಎಂಬ ರೋಗನಿರೋಧಕ ಕೋಶಗಳೂ ಮನುಷ್ಯರಿಗಿಂತ ಬಹಳ ಹೆಚ್ಚು.

ಪ್ರಶ್ನೆ: ಕೆಮ್ಮುವ ಕರುವಿನಿಂದ ನಮ್ಮ ಮಗುವಿಗೆ ಆರ್‌ಎಸ್‌ವಿ ಹರಡುತ್ತದೆಯೇ?
– ಹೈನುಗಾರರು, ಮಂಡ್ಯ

ಉತ್ತರ: ಇಲ್ಲ. ಕರುವಿನ ಆರ್‌ಎಸ್‌ವಿಯನ್ನು ಮನುಷ್ಯರಿಗೆ ಹರಡುವ ಕಾಯಿಲೆಯೆಂದು ಪರಿಗಣಿಸಿಲ್ಲ. ಮಗುವಿಗೆ ಬರುವುದು ಮನುಷ್ಯರ ಆರ್‌ಎಸ್‌ವಿ, ಅದೂ ಹೆಚ್ಚಾಗಿ ಮನೆಯಲ್ಲಿ ನೆಗಡಿಯಾದವರಿಂದ. ಕೆಮ್ಮುವ ಕರುವನ್ನು ಮಾತ್ರ ಉಳಿದ ಕರುಗಳಿಂದ ಕೂಡಲೇ ಬೇರೆ ಕಟ್ಟಿ, ಪಶುವೈದ್ಯರಿಗೆ ತೋರಿಸಿ.